ಜೋಳದೊಳಗೆ ಹೋದ ಏಳನೆಯವನು

ಸಿಗರೇಟಿನ ವಾಸನೆ ಬಿಡಿಸಲು ಜೋಳಕ್ಕಿಂತ ಒಳ್ಳೆಯ ಮದ್ದಿಲ್ಲವೆಂದು ನಮ್ಮ ಆಯಿ ನಂಬಿದ್ದಳು. ನಮ್ಮ ಮನೆಯಲ್ಲಿ ಯಾರೂ ಸಿಗರೇಟು ಸೇದುತ್ತಿರಲಿಲ್ಲ, ಬೀಡಿಯನ್ನು ಮುಟ್ಟುತ್ತಲೂ ಇರಲಿಲ್ಲ. ಆದರೂ ಕಮಲಾಪುರದ ನಮ್ಮ ಪಡಸಾಲೆಯ ಮೂಲೆಯಲ್ಲಿ ಜೋಳದ ಬುಟ್ಟಿಯೊಂದು ವರ್ಷದುದ್ದಕ್ಕೂ ಈ ಚಿಕಿತ್ಸೆಗಾಗಿಯೇ ಮೀಸಲಾಗಿ ಕೂತಿರುತ್ತಿತ್ತು. ಇದೇನು ಸೋಜಿಗವೆಂದು ನೀವು ಕೇಳಿದರೆ, ನಾನು ನನ್ನ ಮುತ್ಯಾನ ಹುಚ್ಚಿನಿಂದಲೇ ಶುರುಮಾಡಬೇಕಾಗುತ್ತದೆ. ನಮ್ಮ ಕಡೆ ಅಜ್ಜನನ್ನು ಮುತ್ಯಾ ಎನ್ನುತ್ತೇವೆ, ಅಜ್ಜಿಯನ್ನು ಆಯಿ.

ಮುತ್ಯಾನಿಗೆ ಕೆಂಪು ಬಾಳೆಯ ತೋಟವಿತ್ತು. ವಾರಕ್ಕೊಮ್ಮೆ ಗೊನೆಗಳನ್ನು ಚಕ್ಕಡಿಗೆ ಹೇರಿಕೊಂಡು, ಮಹಾಗಾಂವದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಕಲಬುರಗಿಯ ರೈಲು ಸ್ಟೇಶನ್ನಿಗೆ ಹೋಗುತ್ತಿದ್ದ. ಅದು ನಿಜಾಮರ ಕಾಲ. ಮುಂಬಯಿ ಕಡೆಯಿಂದ ಬರುವ ಗಾಡಿಯಲ್ಲಿ ಸೂಟುಬೂಟಿನವರು ಇರುತ್ತಿದ್ದರು, ಅವರ ಜೇಬುಗಳಲ್ಲಿ ಸಿಗರೇಟಿನ ಪಾಕೀಟು ಇರುತ್ತಿತ್ತು, ಆ ಪಾಕೀಟಿನೊಳಗೆ ಬೆರಳುದ್ದದ ಗಟ್ಟಿ ಕಾಗದದ ಮೇಲೆ ಅಚ್ಚಾದ ಒಂದು ಬಣ್ಣದ ಚಿತ್ರ ಇರುತ್ತಿತ್ತು. ಸೇದುವವರು ಚಿತ್ರವನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಮುತ್ಯಾ ಒಂದು ಬಾಳೆಹಣ್ಣು ಕೊಟ್ಟು ಅದನ್ನು ಇಸಿದುಕೊಳ್ಳುತ್ತಿದ್ದ. ಹಣ್ಣು ಕೆಂಪಗಿದೆಯೆಂದು ಬಣ್ಣ ಬಳಿದಿರಬಹುದೇ ಎಂದು ಉಗುರಿನಿಂದ ಕೆರೆದು ನೋಡುವ ಆ ಜನ, ಬಿಸಾಡುವ ಕಾಗದಕ್ಕೆ ಹಣ್ಣು ಕೊಡುವ ಮುದುಕನನ್ನು ಕಂಡು ಇನ್ನಷ್ಟು ಬೆರಗಾಗುತ್ತಿದ್ದರು.

ಚಿತ್ರಗಳೆಲ್ಲ ಬಿಳಿ ಬಟ್ಟೆ ತೊಟ್ಟು ಅಗಲವಾದ ಹಲಗೆ ಹಿಡಿದು ನಿಂತ ಗಂಡಸರವು. ಅದು ಕ್ರಿಕೆಟ್ ಎಂಬ ಆಟವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದುದು ಉರ್ದು. ಚಿತ್ರದ ಬೆನ್ನಿನ ಇಂಗ್ಲಿಷನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಓದು ಬಾರದ ಕಡೆ ಮುತ್ಯಾ ತನ್ನ ಬುದ್ಧಿಯನ್ನೇ ನೆಟ್ಟು ಬೆಳೆ ತೆಗೆಯುತ್ತಿದ್ದ.

“ಮುತ್ಯಾ, ಇವನ ಹಿಂದ ಮೂರು ಗೂಟ ಯಾಕ ನೆಟ್ಟಾರ?” ಎಂದು ನಾನು ಕೇಳಿದ್ದೆ.

“ಕರ ಕಟ್ಟಾಕ.”

“ಮತ್ತ ಕರ ಎಲ್ಲಿ ಅದಾವ?”

“ಹಗ್ಗ ಹರಕೊಂಡು ಓಡಿಹೋಗ್ಯಾವ. ಅದಕ್ಕ ಬಡಿಗಿ ಹಿಡದು ಕಾಯಾಕತ್ತಾನ. ಕಾಲಿಗಿ ಕಟ್ಟಿಗೊಂಡದ್ದು ನೋಡಿಲ್ಲೇನ, ಮುಳ್ಳು ಚುಚ್ಚಬಾರದಂತ?”

ಮುಂದೆ ಕಲಬುರಗಿಯ ಮೈದಾನದಲ್ಲಿ ನಾನು ನಿಜವಾದ ಆಟವನ್ನೇ ಕಂಡೆ. ಈಗ ಆಟದ ನಿಯಮವೆಲ್ಲ ನನಗೆ ಗೊತ್ತು. ಆದರೂ ಆಟಗಾರನೊಬ್ಬ ಗೂಟಗಳ ಮುಂದೆ ಬಗ್ಗಿ ನಿಂತಾಗ, ಅವನ ಕರು ಇನ್ನೂ ಸಿಕ್ಕಿಲ್ಲವಲ್ಲ ಎಂಬ ಮರುಕ ನನಗೆ ಮೊದಲು ಬರುತ್ತದೆ.

ಪ್ರತಿ ಚಿತ್ರದ ಬೆನ್ನಿಗೂ ಒಂದು ಅಂಕಿ ಇತ್ತು. ಗೂಡ್ಸ್ ಡಬ್ಬಿಗಳ ಮೇಲೆ ಬರೆದ ಅಂಕಿಗಳನ್ನು ನೋಡಿ ನೋಡಿ ಮುತ್ಯಾ ಅಷ್ಟನ್ನು ಓದಲು ಕಲಿತಿದ್ದ. ಒಂದರಿಂದ ಇಪ್ಪತ್ತೈದರವರೆಗೆ ಎಲ್ಲರೂ ಸಿಕ್ಕಿದ್ದರು, ಏಳನೆಯವನೊಬ್ಬನನ್ನು ಬಿಟ್ಟು. ನೀವು ಏನನ್ನಾದರೂ ಕೂಡಿಸಿದವರಾದರೆ ಈ ಸಂಕಟ ನಿಮಗೆ ಗೊತ್ತಿರುತ್ತದೆ. ಮುತ್ಯಾನ ತಗಡಿನ ಡಬ್ಬಿಯಲ್ಲಿದ್ದ ಇಪ್ಪತ್ತನಾಲ್ಕು ಚಿತ್ರಗಳಿಗೆ ಅಂಗೈಯಷ್ಟು ಜಾಗ ಸಾಕಿತ್ತು. ಇಲ್ಲದ ಒಂದು ಚಿತ್ರ ಮನೆಯನ್ನೆಲ್ಲ ತುಂಬಿಕೊಂಡಿತ್ತು.

ಇವು ಮುತ್ಯಾನೊಬ್ಬನ ಸೊತ್ತೂ ಆಗಿರಲಿಲ್ಲ. ದಸರೆಯ ದಿನ ಬನ್ನಿ ಎಲೆ ಹಂಚಿ “ಬನ್ನಿ ತಗೊಂಡು ಬಂಗಾರದಂಗಿರ್ರಿ” ಎನ್ನುವ ಹೊತ್ತಿಗೆ ಅವನು ಡಬ್ಬಿ ತೆರೆಯುತ್ತಿದ್ದ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಒಬ್ಬೊಬ್ಬರೂ ಒಂದೊಂದು ಚಿತ್ರ ಆರಿಸಿಕೊಳ್ಳಬೇಕು. ಅದು ಮುಂದಿನ ಬನ್ನಿಯವರೆಗೆ ಅವರದು. ಮಡಚುವಂತಿಲ್ಲ, ನೆನೆಸುವಂತಿಲ್ಲ, ಮರುವರ್ಷ ತಂದೊಪ್ಪಿಸುವಾಗ ಆ ಮನುಷ್ಯನ ಬಗ್ಗೆ ಹೊಸದೊಂದು ಸಂಗತಿ ಹೇಳಲೇಬೇಕು. ಆಯಿ ಮಾತ್ರ ಎಂದೂ ಕೈಯೊಡ್ಡಿದವಳಲ್ಲ. “ತಂಬಾಕ ನಾರೋ ಮಂದಿ ನನಗ ಬ್ಯಾಡ” ಎನ್ನುತ್ತಿದ್ದಳು. ಹೊಸ ಚಿತ್ರ ಯಾವುದೇ ಬರಲಿ, ಎಂಟು ದಿನ ಆ ಬುಟ್ಟಿಯ ಜೋಳದೊಳಗೆ ಹುದುಗಿಸಿಟ್ಟ ಮೇಲೆಯೇ ಒಳಗೆ ಪ್ರವೇಶ.

ನನಗೆ ಹತ್ತು ವರ್ಷವಿದ್ದಾಗ, ಹೋಳಿ ಮುಗಿದ ವಾರ, ಮುತ್ಯಾ ನನ್ನನ್ನೂ ಕಲಬುರಗಿಗೆ ಕರೆದೊಯ್ದ. ಗಾಡಿ ಬಂತು. ಹಿಂದಿನ ಡಬ್ಬಿಯ ಗಾರ್ಡಸಾಹೇಬ ಮುತ್ಯಾನನ್ನು ಬಲ್ಲವನು.

“ಕ್ಯಾ ಬಾಬಾ, ಪೀತೇ ಭೀ ನೈ, ತಸ್ವೀರಾಂ ಕಾಯ್ಕು?” ಎಂದು ನಕ್ಕ. ಸೇದುವುದೇ ಇಲ್ಲ, ಚಿತ್ರ ಯಾತಕ್ಕೆ ಎಂದು.

“ಪೋರಗೋಳ ಸಲುವಾಗಿರಿ ಸಾಬ್,” ಎಂದ ಮುತ್ಯಾ. ಪೋರಿಯಾದ ನಾನು ಪಕ್ಕದಲ್ಲೇ ಇದ್ದೆ. ಗಾರ್ಡ್ ಜೇಬಿನಿಂದ ತೆಗೆದುಕೊಟ್ಟ ಚಿತ್ರವನ್ನು ಮುತ್ಯಾ ನನಗೆ ಮುಟ್ಟಗೊಡಲಿಲ್ಲ. ಬೆನ್ನು ಹೊರಳಿಸಿ ನೋಡಿದ. ಏಳು. ಬುಟ್ಟಿಯಲ್ಲಿದ್ದ ಹಣ್ಣನ್ನೆಲ್ಲ ಗಾರ್ಡನ ಡಬ್ಬಿಗೆ ಸುರಿದುಬಿಟ್ಟ.

ಊರಿಗೆ ಬಂದ ಮೇಲೆ ಏಳನೆಯವನನ್ನು ಜೋಳಕ್ಕೆ ಸೇರಿಸುವ ಕೆಲಸ ನನಗೆ ಬಂತು. ಇಲ್ಲಿಂದ ಮುಂದೆ ನಾನು ಕಂಡದ್ದನ್ನು, ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಎಂಟು ದಿನ ಬಹಳವಾಯಿತೆಂದು ನನಗೆ ಅನ್ನಿಸಿತು. ಬಿಸಿಲಿಗಿಟ್ಟರೆ ವಾಸನೆ ಬೇಗ ಹೋದೀತೆಂದು ಮರುದಿನ ಬೆಳಗ್ಗೆ ಬುಟ್ಟಿಯನ್ನು ಎಳೆದು ಅಂಗಳಕ್ಕೆ ತಂದೆ. ಅಂದು ಅಂಗಳದಲ್ಲಿ ಹಗೇವು ತುಂಬುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ಗಡಿಗೆಯಂತೆ ತೋಡಿದ, ಬಾಯಿ ಸಣ್ಣದಾದ ಜೋಳದ ಕಣಜ. ನಾನು ಅವ್ವ ಕರೆದಳೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಸಾಲಿನಲ್ಲಿದ್ದ ಬುಟ್ಟಿಗಳ ಜೊತೆ ನನ್ನ ಬುಟ್ಟಿಯೂ ಬರಿದಾಗಿತ್ತು. ಬಾಯಿಗೆ ಕಲ್ಲು ಮುಚ್ಚಿ ಕಾಕಾ ಮಣ್ಣು ಮೆತ್ತುತ್ತಿದ್ದ.

ಎಂಟು ದಿನ ನಾನು ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಮುತ್ಯಾ ಡಬ್ಬಿ ಒರೆಸಿಕೊಂಡು ಕೂತು “ಕರಕೊಂಬಾ ಸಾಹೇಬನ್ನ” ಎಂದಾಗ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಎದ್ದು ಹೋಗಿ ಹಗೇವಿನ ಕಲ್ಲಿನ ಮೇಲೆ ಕೂತ. ಮುಚ್ಚಿದ ಹಗೇವನ್ನು ಬೇಕೆಂದಾಗ ತೆಗೆಯುವಂತಿಲ್ಲ. ಗಾಳಿ, ಮಳೆ ಹೊಕ್ಕರೆ ಮನೆಮಂದಿಯ ವರ್ಷದ ಕೂಳು ಕೆಡುತ್ತದೆ.

“ಇರಲಿ,” ಎಂದ ಕಡೆಗೆ, “ಸುಡುಗಾಡ ಬಿಸಲಾಗ ನಿಂತು ನಿಂತು ದಣದಾನ. ಒಂದು ವರ್ಷ ಮಲಗಲಿ.”

ಆ ವರ್ಷ ಏಳನೆಯವನು ಮುತ್ಯಾನ ಮಾತಿನಲ್ಲಿ ಬೆಳೆಯುತ್ತಲೇ ಹೋದ. ಮೊದಲು ಅವನಿಗೆ ಮೀಸೆ ಬಂತು, ಆಮೇಲೆ ನಗು ಬಂತು, ಶ್ರಾವಣದ ಹೊತ್ತಿಗೆ ಅವನ ಮೂರೂ ಕರುಗಳು ಮರಳಿ ಬಂದು ಗೂಟಕ್ಕೆ ನಿಂತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಹಗೇವು ತೆಗೆದರು. ತೆಗೆದೊಡನೆ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಬೆಳಗ್ಗೆ ಬಿಟ್ಟ ದೀಪ ಆರಿತು. ಮಧ್ಯಾಹ್ನ ಮತ್ತೆ ಬಿಟ್ಟರು. ಹಗ್ಗ ಹಿಡಿದವಳು ನಾನು. ದೀಪ ಉರಿಯುತ್ತಿತ್ತು, ಆದರೆ ಕುಡಿ ಕುಗ್ಗಿ ಕಡಲೆಕಾಳಿನಷ್ಟಾಗಿತ್ತು.

“ಮುತ್ಯಾ, ದೀಪ ಸಣ್ಣಗಾಗ್ಯದ.”

“ಉರಿಯಾಕತ್ತದ ಇಲ್ಲ? ಸಾಕು ಬಿಡು.”

“ಅಪ್ಪಾ, ನಾ ಇಳಿತೀನಿ, ನಾಳಿ ಮುಂಜಾನಿ,” ಎಂದ ಕಾಕಾ.

“ನನ್ನ ಹುಚ್ಚಿಗಿ ನೀ ಯಾಕ ಇಳಿತಿ?” ಎಂದು ಮುತ್ಯಾ ನಡುವಿಗೆ ಹಗ್ಗ ಬಿಗಿಸಿಕೊಂಡು ಇಳಿದೇಬಿಟ್ಟ.

ಅವನ ತಲೆ ಮರೆಯಾದಾಗಿನಿಂದ ನಾನು ಎಣಿಸತೊಡಗಿದೆ. ಹನ್ನೆರಡಕ್ಕೆ ಕೈಯಿಂದ ಜೋಳ ಸರಿಸುವ ಸಪ್ಪಳ ಕೇಳಿಸಿತು. ಇಪ್ಪತ್ತಕ್ಕೆ ಸಪ್ಪಳ ನಿಂತಿತು. ಕಾಕಾ ಎರಡು ಸಲ ಕರೆದ. ಉತ್ತರವಿಲ್ಲ. ಕಾಕಾ, ಅಪ್ಪ ಇಬ್ಬರೂ ಎಳೆದರು. ಮೇಲೆ ಬಂದಾಗ ಮುತ್ಯಾನ ಕೈಗಳು ಮೂಟೆಯ ಕಿವಿಗಳಂತೆ ಜೋತಿದ್ದವು. ಬೇವಿನ ನೆರಳಲ್ಲಿ ಮಲಗಿಸಿ ನೀರು ಚಿಮುಕಿಸಿದರು. ಆಯಿ ಸೆರಗಿನಿಂದ ಗಾಳಿ ಹಾಕುತ್ತ ಕೂತಳು. ನಾನು ಎಣಿಕೆ ಬಿಟ್ಟಿರಲಿಲ್ಲ, ಬಿಟ್ಟರೆ ಅವನು ಏಳಲಾರ ಎನಿಸಿತ್ತು. ನೂರಾ ನಲವತ್ತಕ್ಕೆ ಕಣ್ಣು ತೆರೆದ.

“ಜೋಳ ಚಲೋ ಅದಾವ,” ಎಂದ.

ಆಗ ಆಯಿ ಅತ್ತಳು. ಅತ್ತು ಮುಗಿದ ಮೇಲೆ ಎಲ್ಲರನ್ನೂ ನೋಡಿ ಹೇಳಿದಳು: “ಇನ್ನ ಯಾರೂ ಅದನ್ನ ಹುಡಕಬ್ಯಾಡ್ರಿ. ಆ ತಂಬಾಕದಂವ ನನ್ನ ಕೈಯಾಗ ಸಿಗಲಿ, ನಿಂತ ನಿಲುವಿಗೆ ಒಲಿಗಿ ಹಾಕ್ತೀನಿ.”

ಮುತ್ಯಾ ಹೂಂ ಎಂದ. ಮರುದಿನ ಗಾಳಿ ತಿಳಿಯಾದ ಮೇಲೆ ಜೋಳವನ್ನು ಚೀಲಗಳಿಗೆ ತುಂಬಿ ಒಳಗೆ ಒಟ್ಟಿದರು. ಯಾರೂ ಕೈಯಾಡಿಸಲಿಲ್ಲ. ಆದರೆ ಪ್ರತಿ ದಿನ ಬೀಸಲು ಜೋಳ ಅಳೆಯುವ ಹೊತ್ತಿಗೆ ಮುತ್ಯಾನಿಗೆ ಪಡಸಾಲೆಯಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ಅವನು ಕಂಬಕ್ಕೊರಗಿ ಸೂರು ನೋಡುತ್ತಿದ್ದ. ಆಯಿ ಅವನನ್ನು ನೋಡುತ್ತಿದ್ದಳು. ಡಬ್ಬಿಯನ್ನು ಮಾತ್ರ ಅವನು ಆ ದಿನದಿಂದ ತೆರೆಯಲಿಲ್ಲ. ನನ್ನ ತಪ್ಪಿನಿಂದ ಹಗೇವು ಅವನ ಉಸಿರನ್ನು ಮರಳಿ ಕೊಟ್ಟು ಉಲ್ಲಾಸವನ್ನು ಇಟ್ಟುಕೊಂಡಿತೇ ಎಂದು ನನಗೆ ಭಯವಾಗುತ್ತಿತ್ತು. ಈ ಬನ್ನಿಗೆ ಡಬ್ಬಿ ತೆರೆಯದಿದ್ದರೆ ಮುಂದೆ ಎಂದೂ ತೆರೆಯಲಾರದೆಂದು ಹನ್ನೊಂದರ ವಯಸ್ಸಿಗೂ ತಿಳಿಯುತ್ತದೆ.

ನಾಗರಪಂಚಮಿಯ ಹಿಂದಿನ ದಿನ ಆಯಿ ಅಳ್ಳು, ಅಂದರೆ ಜೋಳದ ಅರಳು, ಹುರಿಯಲು ಕೂತಿದ್ದಳು. ನಾನು ಒಲೆಗೆ ಪುಳ್ಳೆ ಒಡ್ಡುತ್ತಿದ್ದೆ. ಮೊರದಲ್ಲಿ ಜೋಳ ಕೇರುತ್ತಿದ್ದಂತೆ ಕಾಳಿನ ಮೇಲೆ ಬೆಳ್ಳಗೆ ಏನೋ ಹೊರಳಿತು. ಏಳನೆಯವನು. ಅಂಚು ಸ್ವಲ್ಪ ಮಾಸಿತ್ತು, ಅಷ್ಟೇ. ಮೀಸೆ ಇರಲಿಲ್ಲ, ನಗು ಇರಲಿಲ್ಲ, ಕರುವಂತೂ ಇರಲೇ ಇಲ್ಲ. ಮುಂದೆ ಒಲೆ ಧಗಧಗ ಉರಿಯುತ್ತಿತ್ತು.

ಆಯಿ ಬಹಳ ಹೊತ್ತು ನೋಡಿದಳು.

“ಇವನೇನ?”

“ಹೂಂ, ಆಯಿ.”

“ಇವನಿಗೇನು ಕೊಂಬು ಬಂದಾವಂತ ತಿಳಿದಿದ್ದೆ. ಆರನೇದಂವನಂಗೇ ಅದಾನಲ್ಲ. ಟೊಪಿಗಿ ಒಂದು ಬ್ಯಾರೆ.”

ಎಂದೂ ಚಿತ್ರ ಮುಟ್ಟದ ಆಯಿಗೆ ಆರನೆಯವನ ಟೊಪ್ಪಿಗೆ ಹೇಗೆ ಗೊತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಒಲೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಚಿತ್ರವನ್ನು ಸೀರೆಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬಾಯಿ ಮುಚ್ಚಿಗೊಂಡಿರು,” ಎಂದಳು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ನನಗೆ ಆಗಲೇ ಅನುಭವವಿತ್ತು.

ಬನ್ನಿಯ ದಿನ ಎಲ್ಲರೂ ಎಲೆ ಹಂಚಿಕೊಂಡೆವು. ಮುತ್ಯಾ ಡಬ್ಬಿಯ ಹತ್ತಿರವೂ ಸುಳಿಯಲಿಲ್ಲ. ಆಗ ಆಯಿಯೇ ಅದನ್ನು ತಂದು ಅವನ ತೊಡೆಯ ಮೇಲಿಟ್ಟಳು.

“ಹಂಚ್ರಿ. ಮಂದಿ ನಿಂತಾರ.”

“ನೀ ಯಾವಾಗಿಂದ ಇದಕ್ಕ ಬಂದಿ?”

“ನಂದು ನನ್ನ ಹಂತ್ಯಾಕ ಅದ,” ಎಂದು ಸೊಂಟದಿಂದ ಏಳನೆಯವನನ್ನು ತೆಗೆದು ತೋರಿಸಿದಳು. ಮುತ್ಯಾ ಕೈ ಚಾಚಿದ. ಅವಳು ಹಿಂದಕ್ಕೆಳೆದುಕೊಂಡಳು. “ಬನ್ನಿಗಿ ತಗೊಂಡದ್ದು ಮುಂದಿನ ಬನ್ನಿತನಕ ತಗೊಂಡವರದು. ಕಾನೂನು ಮಾಡಿದವರು ನೀವ ಅದೀರಿ.”

ಮುತ್ಯಾ ನಕ್ಕ. ಹಗೇವಿನಿಂದ ಮೇಲೆ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಉಳಿದವರಿಗೆಲ್ಲ ಚಿತ್ರ ಹಂಚಿದ.

ಮರುವರ್ಷ ಅವನು ಕೇಳಿದ, ಅವಳು ಕೊಡಲಿಲ್ಲ. “ಇಪ್ಪತ್ತೈದು ಪೂರಾ ಆದ್ರ ನಿಮಗ ಇನ್ನೇನು ಕೆಲಸ? ಮುಂದಿನ ಬನ್ನಿಗಿ ಕೇಳ್ರಿ.” ಅದರ ಮರುವರ್ಷವೂ ಅದೇ ಮಾತು. ನಾವೆಲ್ಲ ಬನ್ನಿಗಿಂತ ಈ ಜಗಳಕ್ಕಾಗಿಯೇ ಕಾಯುವಂತಾಯಿತು. ನಾನು ಮದುವೆಯಾಗಿ ಕಲಬುರಗಿಗೆ ಬಂದೆ. ದಸರೆಗೆ ಮಾತ್ರ ತಪ್ಪದೆ ಕಮಲಾಪುರಕ್ಕೆ ಹೋಗುತ್ತಿದ್ದೆ. ಒಂಬತ್ತನೆಯ ಬನ್ನಿಗೆ ಮುತ್ಯಾನಿಗೆ ಎದ್ದು ಕೂರಲು ಆಸರೆ ಬೇಕಾಗಿತ್ತು. ಅಂದು ಅವನು ಕೇಳುವ ಮೊದಲೇ ಆಯಿ ಏಳನೆಯವನನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಮುತ್ಯಾ ಬೆರಳು ಬಿಚ್ಚಿ ನೋಡಿದ. ಬೆನ್ನು ಹೊರಳಿಸಿ ಅಂಕಿ ನೋಡಿದ. ಆಮೇಲೆ ಅದನ್ನು ಆಯಿಯ ಕೈಗೇ ಮರಳಿ ಕೊಟ್ಟ.

“ಈಗ ಬ್ಯಾಡ,” ಎಂದ, “ಮುಂದಿನ ಬನ್ನಿಗಿ ಕೇಳ್ತೀನಿ.”