ಶಾವಿಗೆ ಎಳೆ ಹಿಡಿದ ಭಾನುವಾರಗಳು

ಟೇಬಲ್ ಫ್ಯಾನು ಹುಡುಕಲು ಕೋಟುಗಳ ಕಪಾಟಿಗೆ ತಲೆ ತೂರಿಸಿದಾಗ, ಕೋಟು ನೇತುಹಾಕುವ ಮರದ ಕೋಲು ಕೈ ತಗುಲಿ ಕಳಚಿ ಬಂತು. ಅದರ ಒಂದು ತುದಿಯಲ್ಲಿ ಹಿಟ್ಟಿನ ಬಿಳಿ ಎಳೆಯೊಂದು ಒಣಗಿ ಅಂಟಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಏಳಲಿಲ್ಲ. ಫ್ಯಾನು ಹುಡುಕುವುದನ್ನು ಬಿಟ್ಟು ಅಲ್ಲೇ ಕೆಳಗೆ ಕುಳಿತುಬಿಟ್ಟೆ.

ಇವತ್ತು ಭಾನುವಾರ. ಹೇವರ್ಡಿನಲ್ಲಿ ಮೂರು ದಿನದಿಂದ ಸುಡುಬಿಸಿಲು, ನಮ್ಮದು ಏಸಿ ಇಲ್ಲದ ಹಳೇ ಅಪಾರ್ಟ್‌ಮೆಂಟು. ಹೆಂಡತಿ ಅಡುಗೆಮನೆಯ ಟೈಲ್ಸ್ ಮೇಲೆ ಒದ್ದೆ ಟವೆಲ್ ಹೊದ್ದು ಮಲಗಿದ್ದಳು. ಮಗಳು ಬಕೆಟ್ ನೀರಿನಲ್ಲಿ ಕಾಲಿಟ್ಟುಕೊಂಡು ಫೋನು ನೋಡುತ್ತಿದ್ದಳು. ಮಧ್ಯಾಹ್ನ ಮೊಸರನ್ನ ಉಂಡ ತಟ್ಟೆಗಳನ್ನು ಯಾರೂ ಎತ್ತಿರಲಿಲ್ಲ. ಎತ್ತಿ ಎಂದು ಹೇಳುವ ಶಕ್ತಿಯೂ ಯಾರಿಗೂ ಇರಲಿಲ್ಲ.

ಇಂಥ ಬಿಸಿಲಿಗೆ ಇಡೀ ಊರಿನಲ್ಲಿ ಖುಷಿಪಡುತ್ತಿದ್ದವರು ಒಬ್ಬರೇ, ನಮ್ಮ ಎದುರುಮನೆ ಅಮ್ಮ. ಗದಗದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳು, ಅಳಿಯನ ಜೊತೆ ಇರಲು ಈ ಪರದೇಶಕ್ಕೆ ಬಂದಿದ್ದರು. ಅವರ ಮೊಮ್ಮಕ್ಕಳನ್ನು ನೋಡಿ ನನ್ನ ಮಗಳೂ ಅವರನ್ನು ಅಜ್ಜಿ ಎನ್ನದೆ ನಾನಿ ಎಂದೇ ಕರೆಯುತ್ತಿದ್ದಳು. ರಂಜಾನ್ ಹಬ್ಬದ ಶೀರ್ ಕುರ್ಮಾ ಪಾಯಸಕ್ಕೆ ಅಂಗಡಿಯ ಪ್ಯಾಕೆಟ್ ಶಾವಿಗೆ ಅವರಿಗೆ ಆಗುತ್ತಿರಲಿಲ್ಲ. ಕೈಯಲ್ಲಿ ಹೊಸೆದ ಶಾವಿಗೆಯೇ ಬೇಕು. ಅದು ಒಂದೇ ದಿನದಲ್ಲಿ ಗರಿಗರಿಯಾಗಿ ಒಣಗಬೇಕಾದರೆ ಊರಿನಂಥ ಬಿಸಿಲು ಬೇಕು. ಸಂಜೆಯಾದರೆ ಮಂಜು ಬಂದು ಕವಿಯುವ ಈ ಊರಿನಲ್ಲಿ ಅಂಥ ಬಿಸಿಲು ವರ್ಷಕ್ಕೆ ಎರಡೋ ಮೂರೋ ದಿನ. ಅವರ ಬಾಲ್ಕನಿಗೆ ದೊಡ್ಡ ಮರದ ನೆರಳು. ನಮ್ಮದು ಪಡುವಣಕ್ಕೆ ತೆರೆದುಕೊಂಡ ಬಾಲ್ಕನಿ, ಮಧ್ಯಾಹ್ನವಾದರೆ ಕಾಲಿಡುವ ಹಾಗಿಲ್ಲ.

ಹಾಗಾಗಿ ಫೋನಿನಲ್ಲಿ ಬಿಸಿಲಿನ ಎಚ್ಚರಿಕೆ ಬಂದ ತಕ್ಷಣ ನಮ್ಮ ಬಾಗಿಲು ಬಡಿಯುತ್ತಿತ್ತು.

"ತಮ್ಮಾ, ನಾಳೆ ಬಿಸಲ ಜೋರ ಐತಂತ. ಹಿಟ್ಟ ನಾದಲೇನು?"

ಶಾವಿಗೆ ಹೊಸೆಯುವುದು ಒಬ್ಬರ ಕೆಲಸವಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದ ಶಾವಿಗೆ ಮಣೆಯನ್ನು ಅವರು ನಮ್ಮ ಸೋಫಾಕ್ಕೆ ಓರೆಯಾಗಿ ಒರಗಿಸುತ್ತಿದ್ದರು. ಮೇಲೆ ಕುಳಿತು ರವೆಯ ಕಣಕವನ್ನು ಅಂಗೈಯಲ್ಲಿ ಹೊಸೆದರೆ ಎಳೆ ಮಣೆಯ ಮೇಲೆ ಜಾರಿ ಕೆಳಗೆ ಬರುತ್ತದೆ. ಕೆಳಗೆ ಕುಳಿತವರು ಅದನ್ನು ತುಂಡಾಗದಂತೆ ಹಿಡಿದು, ಸುತ್ತಿ, ಕೋಲಿಗೆ ಇಳಿಬಿಡಬೇಕು. ಆ ಕೆಳಗಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆಂಡತಿಗೆ ಕಂಪ್ಯೂಟರ್ ಒತ್ತಿ ಒತ್ತಿ ಮಣಿಕಟ್ಟಿನ ನೋವು. ಅವರ ಮಗಳಿಗೆ ವಾರವಿಡೀ ಮೀಟಿಂಗು, ಭಾನುವಾರವೂ ಬಿಡುವಿಲ್ಲ. ಕೋಲಿಗಾಗಿ ಮನೆಯೆಲ್ಲ ಹುಡುಕಿ ಕೊನೆಗೆ ಅವರೇ ನಮ್ಮ ಕಪಾಟು ತೆಗೆದು, ಕೋಟುಗಳನ್ನೆಲ್ಲ ಮಂಚದ ಮೇಲೆ ರಾಶಿ ಹಾಕಿ, ಇದನ್ನು ಎತ್ತಿಕೊಂಡಿದ್ದರು.

ಮಂಡ್ಯದ ಕಡೆಯವನಾದ ನನಗೆ ಗೊತ್ತಿದ್ದದ್ದು ಒತ್ತುಶಾವಿಗೆ ಮಾತ್ರ. ಒರಳಿಗೆ ಹಾಕಿ ಒತ್ತಿ, ಬಿಸಿಬಿಸಿ ತಿಂದು ಮುಗಿಸುವುದು. ಅದು ಶಾವಿಗೆಯೇ ಅಲ್ಲ, ನಿಮ್ಮವರಿಗೆ ತಾಳ್ಮೆ ಇಲ್ಲ ಎಂದು ಅವರು ಛೇಡಿಸುತ್ತಿದ್ದರು. ಮೊದಲ ವರ್ಷ ನಾನು ಹಿಡಿದ ಎಳೆಯೆಲ್ಲ ತುಂಡಾಯಿತು. ಅವರು ಬೈಯಲಿಲ್ಲ.

"ಜಗ್ಗಬ್ಯಾಡ ತಮ್ಮಾ, ಬರೇ ಹಿಡಿ. ಅದು ತಾನ ಬರತೈತಿ."

ಮೂರನೇ ವರ್ಷದ ಹೊತ್ತಿಗೆ ಕೈ ಕೂತಿತ್ತು. ಬಾಲ್ಕನಿಯಲ್ಲಿ ಎರಡು ಕುರ್ಚಿಗಳ ನಡುವೆ ಕೋಲು, ಕೋಲಿನ ತುಂಬ ಬಿಳಿ ಎಳೆಗಳು. ಮಗಳು ಅದರ ಹಿಂದೆ ನಿಂತು ಇಣುಕುತ್ತಿದ್ದಳು. ಸಂಜೆ ಹೊತ್ತಿಗೆ ಮನೆಯೆಲ್ಲ ಒಣಗಿದ ಹಿಟ್ಟಿನ ವಾಸನೆ... ಬೆವರು ಸುರಿಯುತ್ತಿದ್ದರೂ ಆ ಭಾನುವಾರಗಳಲ್ಲಿ ನನಗೆ ದಣಿವಾದ ನೆನಪಿಲ್ಲ.

ನಾಲ್ಕನೇ ವರ್ಷ ಮಾತ್ರ ನಾನು ಆಗುವುದಿಲ್ಲ ಎಂದೆ.

ಗೋದಾಮಿನ ಕೆಲಸದಲ್ಲಿ ವಾರಕ್ಕೆ ಆರು ದಿನ ನಿಂತು ನಿಂತು ಸೊಂಟ ಬಿದ್ದುಹೋಗಿದ್ದ ಕಾಲ ಅದು. ಹಿಂದಿನ ದಿನ ಅವರು ಬಾಗಿಲು ಬಡಿದಾಗ ನಾನಿನ್ನೂ ಕೆಲಸದಿಂದ ಬಂದಿರಲಿಲ್ಲ. ಬೆಳಿಗ್ಗೆ ಮತ್ತೆ ಬಂದರು. ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದು, ಇವತ್ತು ತುಂಬಾ ಸುಸ್ತಮ್ಮ, ಮುಂದಿನ ಭಾನುವಾರ ನೋಡೋಣ ಎಂದೆ. ಅವರ ಎರಡೂ ಕೈಗಳಲ್ಲಿ ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಕಣಕ ಆಗಲೇ ನಾದಿಟ್ಟಿದ್ದಾರೆ ಎಂದು ನನಗೆ ಗೊತ್ತಾಯಿತು. ನಾದಿದ ಕಣಕ ಮುಂದಿನ ಭಾನುವಾರದವರೆಗೆ ಕಾಯುವುದಿಲ್ಲ ಎಂಬುದೂ ಗೊತ್ತಿತ್ತು.

"ಆತು ಬಿಡು ತಮ್ಮಾ. ನೀ ಮಲಕೋ," ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದರು.

ನಾನು ಹೋಗಿ ಮಲಗಿದೆ. ನಿದ್ದೆಯೂ ಬಂತು. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುವುದು ಅದಕ್ಕೇ.

ಮುಂದಿನ ಭಾನುವಾರ ಮಂಜು ಬಂತು, ಜನ ಸ್ವೆಟರ್ ಹಾಕಿಕೊಂಡು ಓಡಾಡಿದರು. ಆ ವರ್ಷ ಮತ್ತೆ ಅಂಥ ಬಿಸಿಲು ಬರಲೇ ಇಲ್ಲ. ಚಳಿಗಾಲದ ಮೊದಲ ಮಳೆಗೆ ಅವರಿಗೆ ಎದೆ ಕಟ್ಟಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿ, ಮರುದಿನ ಕೆಲಸಕ್ಕೆ ಹೋದೆ...

ಹಬ್ಬದ ದಿನ ಅವರ ಮಗಳು ಶೀರ್ ಕುರ್ಮಾ ತಂದುಕೊಟ್ಟಳು. ಹಾಲು, ಖರ್ಜೂರ, ಗೋಡಂಬಿ ಎಲ್ಲ ಎಂದಿನಂತೆ ಇತ್ತು. ಶಾವಿಗೆ ಮಾತ್ರ ಬೆರಳಿನ ಗೆಣ್ಣಿನಷ್ಟು ಚಿಕ್ಕ ತುಂಡುಗಳು, ದಪ್ಪ ದಪ್ಪ. ನಾನು ಚಮಚದಲ್ಲಿ ಎತ್ತಿ ನೋಡುತ್ತಾ ಇದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಅಮ್ಮೀ ಒಬ್ಬಾಕಿನ ಕುಂತು ಮಾಡಿದ್ದು ಅಣ್ಣಾ. ಕೆಳಗ ಹಿಡಿಯಾಕ ಯಾರೂ ಇದ್ದಿಲ್ಲ, ಫ್ಯಾನ್ ಕೆಳಗ ಒಣಗಿಸಿದ್ಲು. ನಾನು ಲ್ಯಾಪ್‌ಟಾಪ್ ಹಿಡಕೊಂಡು ಪಕ್ಕದ ರೂಮಿನ್ಯಾಗ ಇದ್ದೆ. ಒಂದ ತಾಸು ಕುಂತಿದ್ರ ನಂದೇನ ಹೋಗ್ತಿತ್ತು?"

ಅಷ್ಟು ಹೇಳಿ ಅತ್ತಳು. ನನ್ನನ್ನು ಕರೆದದ್ದನ್ನು, ನಾನು ಒಲ್ಲೆ ಎಂದದ್ದನ್ನು ಆ ಅಮ್ಮ ತಮ್ಮ ಮಗಳಿಗೂ ಹೇಳಿರಲಿಲ್ಲ. ಕರೆದದ್ದು ನನ್ನನ್ನಮ್ಮಾ ಎಂದು ಅಲ್ಲೇ ಹೇಳಬೇಕಿತ್ತು. ನಾನು ಬಟ್ಟಲು ಖಾಲಿ ಮಾಡಿ, ತೊಳೆದು ಕೊಟ್ಟೆ. ಮುಂದೆ ಅವಳ ಮನೆಯವರು ಮಾರ್ಗನ್ ಹಿಲ್ ಎಂಬ ಊರಿಗೆ ಮನೆ ಬದಲಾಯಿಸಿದರು. ಹಬ್ಬಕ್ಕೆ ಮೆಸೇಜು ಬರುತ್ತದೆ. ನಾನೂ ಕಳಿಸುತ್ತೇನೆ. ಅದನ್ನು ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಕೋಲು ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ. ಮಗಳು ಒದ್ದೆ ಕಾಲಲ್ಲೇ ಬಂದು ನಿಂತಳು. ಕೋಲನ್ನು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು.

"ಅಪ್ಪಾ, ಆರ್ ವಿ ಮೇಕಿಂಗ್ ನಾನೀಸ್ ಶಾವಿಗೆ?"

ಹೊರಗೆ ಬಾಲ್ಕನಿಯ ತುಂಬ ಬಿಸಿಲು ಸುಮ್ಮನೆ ಬಿದ್ದಿತ್ತು, ಒಂದೇ ದಿನದಲ್ಲಿ ಒಣಗಿಸುವಂಥ ಬಿಸಿಲು.

"ಇಲ್ಲ ಮಗಳೇ," ಎಂದೆ. "ನಂಗೆ ಹಿಡಿಯೋಕೆ ಮಾತ್ರ ಬರುತ್ತೆ."

ಅವಳು ಬಕೆಟ್ಟಿನ ಕಡೆಗೆ ಹೋದಳು. ನಾನು ಕೋಲನ್ನು ಕಪಾಟಿನಲ್ಲಿ ಸಿಕ್ಕಿಸಿದೆ. ಆಮೇಲೆ ಫೋನು ತೆಗೆದು ಮಾರ್ಗನ್ ಹಿಲ್‌ನ ನಂಬರು ಒತ್ತಿ, ಆ ಅಮ್ಮನ ಮಗಳು ಎತ್ತಲಿ ಎಂದು ಕಾಯುತ್ತಾ ಕುಳಿತೆ.