ಕಾಕಾನ ಮೂಗು

ನನ್ನ ಕಾಕಾ ಸಿಗಾರನ್ನು ಮೊದಲು ಕಿವಿಗೆ ಹಿಡಿಯುತ್ತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಹಗುರಾಗಿ ಒತ್ತಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉರುಳಿಸುತ್ತ ಕೇಳುತ್ತಿದ್ದರು. ಚರಚರ ಸದ್ದು ಬಂದರೆ ಎಲೆ ಒಣಗಿದೆ ಎಂದರ್ಥ. ಸದ್ದಿಲ್ಲದೆ ಬೆರಳಿಗೆ ಒಪ್ಪಿ, ಬಿಟ್ಟ ಕೂಡಲೇ ಮತ್ತೆ ದುಂಡಗಾದರೆ ಸರಿಯಾಗಿದೆ. ನಡುವೆ ಗಂಟು ಕೈಗೆ ಸಿಕ್ಕರೆ ಅಲ್ಲೇ ಬೆರಳು ನಿಲ್ಲಿಸಿ ನನ್ನ ಕೈಗೆ ಕೊಡುತ್ತಿದ್ದರು.

"ಇಲ್ಲಿ ಒತ್ತಿ ನೋಡು ತಂಗಿ. ಒಳಗ ಎಲಿ ತಿರುವಿ ಕುಂತೈತಿ. ಎಷ್ಟ ಜಗ್ಗಿದ್ರೂ ಹೊಗಿ ಬರಾಂಗಿಲ್ಲ."

ಅದು ಸಂಶಿ ಎಂಬ ಊರಿನ ಮನೆ. ಧಾರವಾಡದಲ್ಲಿ ಎಂ.ಎ. ಮುಗಿಸಿದ ಮೇಲೆ ನನಗೆ ಕುಂದಗೋಳದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಎರಡು ವರ್ಷ ಕಾಕಾ, ಕಾಕುವಿನ ಮನೆಯಲ್ಲಿದ್ದು ದಿನವೂ ಬಸ್ಸಿಗೆ ಓಡಾಡಿದೆ. ಕಾಕಾ ತಮ್ಮ ಪ್ರಾಯವನ್ನೆಲ್ಲ ನಿಪ್ಪಾಣಿ ಕಡೆಯ ತಂಬಾಕಿನ ಗೋದಾಮಿನಲ್ಲಿ ಕಳೆದವರು. ಎಲೆಯನ್ನು ಮುಟ್ಟಿ, ಮೂಸಿ ತರತರವಾಗಿ ಬೇರ್ಪಡಿಸುವುದು ಅವರ ಕೆಲಸವಾಗಿತ್ತು. ಆಮೇಲೆ ಊರಿಗೆ ಬಂದು ಹೊಲ ನೋಡಿಕೊಂಡಿದ್ದರು. ಆದರೆ ಗೋದಾಮಿನ ಕಾಲದ ಪರಿಚಯದ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯಲ್ಲಿ ತುಟ್ಟಿ ಸಿಗಾರುಗಳ ಅಂಗಡಿ ಇಟ್ಟಿದ್ದರು. ಹೊಸ ಮಾಲು ತರಿಸುವ ಮೊದಲು ಒಂದೊಂದು ಬಗೆಯ ಎರಡೆರಡು ಸಿಗಾರನ್ನು, ಮೇಲಿನ ಬಣ್ಣದ ಪಟ್ಟಿ ತೆಗೆದು, ಕಾಕಾನಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಕಾಕಾ ಹೇಳಿದ ಮಾತೇ ಕೊನೆ. ಬಾಜು ಮನೆಯ ನಿವೃತ್ತ ಕಂಡಕ್ಟರ್ ಬಸ್ ಸ್ಟ್ಯಾಂಡಿಗೆ ಹೋಗಿ ಪೆಟ್ಟಿಗೆ ತಂದುಕೊಡುತ್ತಿದ್ದರು.

"ಊರ ಮಂದಿ ಎತ್ತಿನ ಹಲ್ಲು ನೋಡಿ ಹೇಳತಾರ, ಜ್ವಾಳ ನೋಡಿ ಹೇಳತಾರ. ನಿಮ್ಮ ಕಾಕಾ ಚುಟ್ಟಾ ನೋಡಿ ಹೇಳತಾರ," ಎಂದು ಕಾಕು ನನಗೆ ಹೇಳುತ್ತಿದ್ದರು, ಕಾಕಾನಿಗೆ ಕೇಳುವಂತೆ.

"ಚುಟ್ಟಾ ಅಲ್ಲ ಅದು."

"ಮತ್ತೇನ್ರಿ, ಊದಿನಕಡ್ಡಿ?"

ಭಾನುವಾರಕ್ಕೆ ಒಂದೇ ಸಿಗಾರು. ಅವತ್ತು ಬೆಳಗಿನಿಂದ ಉಳ್ಳಾಗಡ್ಡಿ ಇಲ್ಲ, ಖಾರ ಇಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು, ಬಾಯಿ ತೊಳೆದು ಕೂಡುತ್ತಿದ್ದರು. ತುದಿ ಕತ್ತರಿಸಿ, ಹೊತ್ತಿಸದೆಯೇ ಒಮ್ಮೆ ಎಳೆದು ನೋಡುವುದು. ಆಮೇಲೆ ಕಡ್ಡಿ ಗೀರಿ, ಬೆಂಕಿಯನ್ನು ಮುಟ್ಟಿಸದೆ ಸ್ವಲ್ಪ ದೂರದಲ್ಲೇ ಹಿಡಿದು, ತಿರುಗಿಸುತ್ತ ಹೊತ್ತಿಸುವುದು. ಒಂದು ಎಳೆತ, ಆಮೇಲೆ ಸುಮ್ಮನಿರುವುದು. ಹುಬ್ಬಳ್ಳಿಗೆ ತಿಳಿಸಬೇಕಾದ್ದನ್ನು ಬರೆದುಕೊಳ್ಳಲು ನಾನು ವಹಿ ಹಿಡಿದು ಎದುರಿಗೆ ಕೂಡುತ್ತಿದ್ದೆ. ಸಿಗಾರನ್ನು ಅವರು ಮೂರು ಪಾಲು ಮಾಡಿ ನೋಡುತ್ತಿದ್ದರು, ಒಂದೊಂದು ಪಾಲಿಗೂ ಒಂದೊಂದು ರುಚಿ. ಅವರ ಮಾತುಗಳೆಲ್ಲ ಕಾಕುವಿನ ಅಡುಗೆಮನೆಯಿಂದ ಬಂದವು. ಮೊದಲಿಗೆ ಹುರಿದ ಶೇಂಗಾದ ಸಿಪ್ಪೆ. ನಡುವೆ ಹಳೆ ಬೆಲ್ಲ, ಹಿಂದೆಯೇ ಒಂದು ಕಾಳು ಮೆಣಸು. ಕೊನೆಗೆ ರೊಟ್ಟಿ ಹಂಚಿನ ಕಪ್ಪು. ಆ ವಾಕ್ಯಗಳನ್ನು ಬರೆದುಕೊಳ್ಳುವಾಗ ನನಗೆ ಆಗುತ್ತಿದ್ದ ಸುಖ ನಾನು ಓದಿದ ಯಾವ ಪಠ್ಯದಲ್ಲೂ ಆಗಿರಲಿಲ್ಲ. ಕಾಕು ಒಳಗಿಂದ ಕೂಗುತ್ತಿದ್ದರು: "ಅಷ್ಟೆಲ್ಲಾ ಅದರಾಗ ಇದ್ರ ನಾ ಯಾಕ ಅಡಗಿ ಮಾಡ್ಲಿ?"

ಎಲ್ಲಕ್ಕಿಂತ ಹೆಚ್ಚಾಗಿ ಅವರು ನೋಡುತ್ತಿದ್ದುದು ಬೂದಿ. ಒಳ್ಳೆ ಕಟ್ಟಿನ ಸಿಗಾರಿನ ಬೂದಿ ಉದುರುವುದಿಲ್ಲ. ಒಳಗೆ ಉದ್ದುದ್ದ ಎಲೆಗಳನ್ನು ಮುರಿಯದೆ ಹಾಕಿ ಬಿಗಿಯಾಗಿ ಸುತ್ತಿದ್ದರೆ ಬೂದಿ ಸಿಗಾರಿನ ಆಕಾರದಲ್ಲೇ ನಿಲ್ಲುತ್ತದೆ. "ಇಬತ್ತಿ ಗಟ್ಟಿ ಹಂಗ ಇರಬೇಕು, ಬೆಳ್ಳಗ, ಗಟ್ಟಿ," ಎನ್ನುತ್ತಿದ್ದರು. ದಿನವೂ ಹಣೆಗೆ ವಿಭೂತಿ ಹಚ್ಚುವ ಕಾಕುವಿಗೆ ಈ ಹೋಲಿಕೆ ಸೇರುತ್ತಿರಲಿಲ್ಲ. "ಹಂಗಾದ್ರ ಅದನ್ನ ಹಣಿಗೆ ಬಡ್ಕೋರಿ," ಎನ್ನುತ್ತಿದ್ದರು.

ನಮ್ಮದು ಬಯಲು ಸೀಮೆಯ ಎರೆಹೊಲದ ಊರು, ಗಾಳಿಗೆ ತಡೆಯೇ ಇಲ್ಲ. ಕಟ್ಟೆಯ ಮೇಲೆ ಕೂತರೆ ಬೂದಿ ಒಂದು ಬೆರಳ ಗೆಣ್ಣಿನಷ್ಟು ನಿಂತರೆ ಹೆಚ್ಚು. ಆ ಚಳಿಗಾಲ ಎರಡು ಬಾರಿ ಬಿಡಿಸಿದ ಹತ್ತಿಯನ್ನು ನಡುಮನೆಯ ಬಾಜು ಕೋಣೆಯಲ್ಲಿ ಎದೆಯೆತ್ತರ ಸುರಿದಿದ್ದರು. ಸುಗ್ಗಿಯಲ್ಲಿ ಎಲ್ಲರ ಮನೆಯೂ ಹಾಗೆಯೇ, ಹತ್ತಿಗೆ ಜಾಗ, ಮನುಷ್ಯರಿಗೆ ಮೂಲೆ. ಹತ್ತಿ ತುಂಬಿದ ಕೋಣೆಯಲ್ಲಿ ಗಾಳಿ ಆಡುವುದಿಲ್ಲ, ಮಾತು ಕೂಡ ಅರ್ಧಕ್ಕೇ ನಿಲ್ಲುತ್ತದೆ. ಮೂಗಿಗೆ ಅಡ್ಡ ಬರುವ ವಾಸನೆಯೂ ಇಲ್ಲ.

"ಕಾಕಾ, ಇಲ್ಲೇ ಒಳಗ ಕೂಡ್ರಿ. ಹೊರಗ ಗಾಳಿ ಭಾಳ ಐತಿ," ಎಂದವಳು ನಾನು.

ಅವರು ಹತ್ತಿಯನ್ನೂ ನನ್ನನ್ನೂ ನೋಡಿದರು. ಒಂದು ಗಳಿಗೆ ಯೋಚಿಸಿದರು. ಪರಾತದಲ್ಲಿ ನೀರು ತುಂಬಿ ತರಿಸಿ, ಬಾಗಿಲ ಹತ್ತಿರ ಚಾಪೆ ಹಾಕಿ, ರಾಶಿಗೆ ಬೆನ್ನು ಮಾಡಿ ಕೂತರು. ಅವತ್ತಿನ ಸಿಗಾರು ಅಗದಿ ಚಲೋ ಕಟ್ಟಿನದು. ಬೂದಿ ಒಂದು ಗೆಣ್ಣು ದಾಟಿತು, ಎರಡು ದಾಟಿತು. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕಾಕಾನಿಗೆ ಅದನ್ನು ಕಾಕುವಿಗೆ ತೋರಿಸಬೇಕೆನಿಸಿತು. ಸಿಗಾರನ್ನು ಅಡ್ಡಲಾಗಿ ಹಿಡಿದು, ಕೆಳಗೆ ಇನ್ನೊಂದು ಅಂಗೈ ಚಾಚಿ, ನಿಧಾನ ಎದ್ದರು. "ಬಾರೇ ಇಲ್ಲಿ, ನೋಡ ಬಾ," ಎಂದು ಕರೆಯುತ್ತಿದ್ದಂತೆ ಬೂದಿ ಬಿತ್ತು. ಅಂಗೈಯ ಅಂಚಿಗೆ ಬಡಿದು ರಾಶಿಯ ಬುಡಕ್ಕೆ ಸಿಡಿಯಿತು.

ನಾವು ನಕ್ಕೆವು. ಬೂದಿ ಬಿದ್ದ ಜಾಗದ ಹತ್ತಿಯನ್ನು ನಾನು ಹಿಡಿಯಷ್ಟು ಕಿತ್ತು ನೀರಿಗೆ ಹಾಕಿದೆ. ಕಾಕಾ ಬಗ್ಗಿ ನೋಡಿದರು, ಮೂಸಿದರು. ಕೆಂಡ ಸಿಗಾರಿನ ತುದಿಯಲ್ಲೇ ಇತ್ತು, ಕೆಂಪಗೆ ಕಾಣುತ್ತಿತ್ತು. ಅದರ ಚೂರೊಂದು ಬೂದಿಯ ಜೊತೆ ಬಂದು ಒಳಗೆ ಜಾರಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹತ್ತಿ ಮೊದಲು ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಒಂದೂವರೆ ತಾಸಿನ ನಂತರ ಊಟಕ್ಕೆ ಕೂತಾಗ ಕಾಕಾ ತುತ್ತನ್ನು ಕೈಯಲ್ಲೇ ಹಿಡಿದು ತಲೆ ಎತ್ತಿದರು. "ಅರಿವಿ ಸುಟ್ಟ ವಾಸನಿ," ಎಂದರು. ನನಗಾಗಲಿ ಕಾಕುವಿಗಾಗಲಿ ಏನೂ ತಾಗಿರಲಿಲ್ಲ. ಅವರು ಎದ್ದು ಓಡಿದರು. ನಾನು ಕೋಣೆಗೆ ಹೋಗುವಷ್ಟರಲ್ಲಿ ಅವರು ರಾಶಿಯೊಳಗೆ ಸೊಂಟದವರೆಗೆ ಇಳಿದು, ಎರಡೂ ಕೈಯಿಂದ ಹತ್ತಿ ಬಗೆಯುತ್ತ ಬೇಯುವ ಜಾಗ ಹುಡುಕುತ್ತಿದ್ದರು. ದಪ್ಪ ಹಳದಿ ಹೊಗೆ ನೆಲ ಹಿಡಿದು ಬರುತ್ತಿತ್ತು. ನಾನು ಕಿಡಕಿ ತೆರೆದೆ. ಹೊಗೆ ಹೊರಗೆ ಹೋಗಲಿ ಎಂದಷ್ಟೇ ನನ್ನ ತಲೆಯಲ್ಲಿದ್ದುದು.

"ತಗೀಬ್ಯಾಡ," ಎಂದು ಕಾಕಾ ಕೂಗಿದ್ದು ಕೇಳಿಸಿತು. ಆಗಲೇ ತೆರೆದಾಗಿತ್ತು. ಗಾಳಿ ನುಗ್ಗಿತು, ಬೇಯುತ್ತಿದ್ದದ್ದು ಭಗ್ಗನೆ ಉರಿಯಾಯಿತು. ಕಾಕಾ ಕಾಣದಾದರು.

ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಾಠ ಹೇಳುವಾಗ, ಬಸ್ಸಿನಲ್ಲಿ ಕೂತಾಗ, ಯಾರೋ ಕಡ್ಡಿ ಗೀರಿದಾಗ. ಒಂದು ಸಲ ಕಿಡಕಿ ತೆರೆಯದೆ ನೋಡುತ್ತೇನೆ. ಒಂದು ಸಲ ಇಡೀ ಪರಾತದ ನೀರನ್ನು ರಾಶಿಯ ಬುಡಕ್ಕೆ ಸುರಿದು ನೋಡುತ್ತೇನೆ. ಬಹಳ ಸಲ ಬಾಯಿ ಮುಚ್ಚಿಕೊಂಡು ಅವರನ್ನು ಕಟ್ಟೆಯ ಮೇಲೇ ಕೂರಿಸುತ್ತೇನೆ. ನಿಜವಾಗಿ ಮಾಡಿದ್ದು ಇಷ್ಟೇ: ನೆಲಕ್ಕೆ ಮಲಗಿ ಕೈ ಚಾಚಿದೆ, ಧೋತರದ ಚುಂಗು ಸಿಕ್ಕಿತು, ಆಮೇಲೆ ಒಂದು ಪಾದ. ಜಗ್ಗಿದೆ. ಬರಲಿಲ್ಲ. ನನ್ನ ಹಿಂದೆ ಬಾಜು ಮನೆಯ ಕಂಡಕ್ಟರ್ ಕಾಕಾ ಬಂದದ್ದು, "ಬಿಡಬ್ಯಾಡವ್ವಾ, ಹಿಡ್ಕೋ," ಎಂದದ್ದು, ಇಬ್ಬರೂ ಸೇರಿ ಅವರನ್ನು ಬಾಗಿಲಾಚೆ ಎಳೆದದ್ದು. ಓಣಿಯ ಮಂದಿ ಸಲಿಕೆ, ಬುಟ್ಟಿ, ಕೈಗೆ ಸಿಕ್ಕದ್ದು ಹಿಡಿದು ಬಂದು ಸುಡುವ ಹತ್ತಿಯನ್ನೆಲ್ಲ ಬೀದಿಗೆ ಎಳೆದು ನೀರು ಹೊಡೆದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಅಂಗೈಗಳು ಸುಟ್ಟಿದ್ದವು, ಎದೆಯಲ್ಲಿ ಹೊಗೆ ಕೂತಿತ್ತು. ಮನೆಗೆ ಬಂದ ದಿನ ಕಾಕು ಬಳ್ಳೊಳ್ಳಿ ಒಗ್ಗರಣೆಯ ಸಾರು ಮಾಡಿದ್ದರು. ಮನೆಯಲ್ಲೆಲ್ಲ ಅದೇ ವಾಸನೆ. ತಾಟಿನ ಮುಂದೆ ಕೂತ ಕಾಕಾ ಸೌಮ್ಯವಾಗಿ ಕೇಳಿದರು:

"ಇವತ್ತ ಒಗ್ಗರಣಿ ಹಾಕಿಲ್ಲೇನ?"

ಕಾಕು ನನ್ನ ಮುಖ ನೋಡಿದರು. ಸೌಟು ಅವರ ಕೈಯಲ್ಲೇ ಉಳಿಯಿತು.

ವಾಸನೆ ಹಿಡಿಯುವ ಶಕ್ತಿ ಕೆಲವು ತಿಂಗಳುಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಕಾಕಾ ಈ ವಿಷಯವನ್ನು ಯಾರಿಗೂ ಹೇಳಗೊಡಲಿಲ್ಲ. ಬೆಂಕಿಯ ಸುದ್ದಿ ಕೇಳಿ ವ್ಯಾಪಾರಿ ಫೋನು ಮಾಡಿದಾಗಲೂ "ಆರಾಮ ಅದೀನ್ರಿ" ಎಂದಷ್ಟೇ ಹೇಳಿದರು. ಎರಡು ತಿಂಗಳಿಗೆ ಪೆಟ್ಟಿಗೆ ಮತ್ತೆ ಬಂತು.

ಈ ಸಲ ಕಟ್ಟೆಯ ಮೇಲೆ ಕೂತರು. ಹೊಸ ಚರ್ಮದ ಬೆರಳಿನಿಂದ ಒತ್ತಿ ನೋಡಿ, "ಕಟ್ಟು ಚಲೋ ಐತಿ, ಬರಕೋ," ಎಂದರು. ಕಡ್ಡಿ ಗೀರಿದರು. ನಾನು ಗೋಡೆಯವರೆಗೆ ಹಿಂದೆ ಸರಿದಿದ್ದೆ. ಮೊದಲ ಪಾಲು ಮುಗಿಯಿತು. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದರು:

"ಬರಕೋ. ಹುರದ ಶೇಂಗಾ. ಹಳೆ ಬೆಲ್ಲ."

ಅದು ಹಿಂದಿನ ಯಾವುದೋ ಭಾನುವಾರದ ಮಾತು. ನನ್ನ ಮೂಗಿಗೆ ಬರುತ್ತಿದ್ದುದೇ ಬೇರೆ. ನಾನು ಬರೆಯಲಿಲ್ಲ. ಬರೆದಿದ್ದರೆ ಆ ಮಾತು ಹುಬ್ಬಳ್ಳಿಗೆ ಹೋಗುತ್ತಿತ್ತು, ಅದನ್ನು ನಂಬಿ ಒಬ್ಬರು ಮಾಲು ತರಿಸುತ್ತಿದ್ದರು. ಅಲ್ಲಿಯವರೆಗೂ ಅವರು ಇಲ್ಲದ್ದನ್ನು ಇದೆ ಎಂದು ಹೇಳಿದ್ದು ನಾನು ಕಂಡಿರಲಿಲ್ಲ.

"ಕಾಕಾ, ಬೆಲ್ಲ ಇಲ್ರಿ," ಎಂದೆ.

ಅವರು ನನ್ನ ಕಡೆ ತಿರುಗಿದರು. "ಮತ್ತೇನೈತಿ?"

"ಹಸಿ ಮೇವು. ದನಾ ಕಟ್ಟೋ ಜಾಗಾದ್ದು ಮುಂಜಾನಿ ಇರತೈತಲ್ರಿ, ಆ ಖಾರ ವಾಸನಿ."

"ಕಣ್ಣಿಗೆ ಬಡೀತೈತೇನು?"

"ಹೌದ್ರಿ."

"ಹಂಗಾದ್ರ ಎಲಿ ಇನ್ನಾ ಮಾಗಿಲ್ಲ," ಎಂದರು. ಸಿಗಾರನ್ನು ಬೆರಳಲ್ಲಿ ಹಿಡಿದು ನೋಡಿದರು. "ಮ್ಯಾಲ ಚಂದ, ಒಳಗ ಹಸಿ. ನಾ ಬೆಲ್ಲ ಅಂದ್ನಲ್ಲ." ಅದನ್ನು ಕಲ್ಲಿನ ಮೇಲೆ ಇಟ್ಟು ತಾನಾಗಿ ಆರಲು ಬಿಟ್ಟರು.

ಆವತ್ತೇ ವ್ಯಾಪಾರಿಗೆ ಫೋನು ಮಾಡಿದರು. "ಎಲಿ ಮಾಗಿಲ್ರಿ, ತರಸಬ್ಯಾಡ್ರಿ. ಮತ್ತ ಇನ್ನೊಂದು. ನನ್ನ ಮೂಗು ಹೋಗೈತ್ರಿ. ಇನ್ನ ಕಳಸಬ್ಯಾಡ್ರಿ." ಆ ಕಡೆಯಿಂದ ಏನೋ ಕೇಳಿರಬೇಕು. ಕಾಕಾ ಫೋನಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. "ಎಲಿ ಹಸಿ ಅಂತ ಯಾರ ಹೇಳಿದ್ರು ಅಂತಾರ. ಯಾರ ಇರಲಿ, ಇಬ್ಬರೂ ಕೂಡಿ ನೋಡ್ರಿ, ಕಳಸತೀನಿ ಅಂತಾರ. ನಾ ಕೈ, ನೀ ಮೂಗು. ಏನಂತಿ?"

ಆ ಮಾತಿನಲ್ಲಿದ್ದ ಆಸೆ ನನಗೆ ಕೇಳಿಸಿತು. ಪ್ರತಿ ಭಾನುವಾರ ಕಡ್ಡಿ ಗೀರುವ ಸದ್ದೂ ಕೇಳಿಸಿತು. ನಾನು ತಲೆಯಾಡಿಸಿದೆ, ಬೇಡ ಎಂದು.

ಅವರು ಇನ್ನೊಮ್ಮೆ ಕೇಳಲಿಲ್ಲ. "ಮನ್ಯಾಗ ಒಬ್ಬಾಕಿ ಅದಾಳ್ರಿ, ಆಕಿಗೆ ಕಾಲೇಜಿನ ಕೆಲಸ ಭಾಳ," ಎಂದು ಫೋನಿಟ್ಟರು. ಉಳಿದ ಇನ್ನೊಂದು ಸಿಗಾರನ್ನು ಕಂಡಕ್ಟರ್ ಕಾಕಾನಿಗೆ ಕೊಟ್ಟರು. ಅವರು ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಬೀಡಿಯಂತೆ ಪುಸುಪುಸು ಎಳೆದು, ಎರಡು ದಿನ ತಲೆ ತಿರುಗಿ ಮಲಗಿದ್ದರಂತೆ. "ಲೇ, ಅದು ಹಸಿ ಅಂತ ಹೇಳಿದ್ದಿಲ್ಲೇನು?" ಎಂದು ಕಾಕಾ ಬಯ್ದರು. ಬೆಂಕಿಯಾದ ಮೇಲೆ ಅವರು ನಕ್ಕದ್ದು ಆವತ್ತೇ ಮೊದಲು.

ಈಗ ನನ್ನ ಕೆಲಸ ಕಲಘಟಗಿಯಲ್ಲಿ. ರಜೆಗೆ ಸಂಶಿಗೆ ಹೋಗುತ್ತೇನೆ. ಕಾಕಾನ ಮೂಗಿಗೆ ವಾಸನೆ ಮರಳಿಲ್ಲ. ಹೋದ ಸಲ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ ಕಾಕಾ ಕಣ್ಣು ಮುಚ್ಚಿಕೊಂಡು, "ಒಳಗ ನಿಮ್ಮ ಕಾಕು ಏನ ಮಾಡಾಕತ್ತಾಳ ಹೇಳು," ಎಂದರು.

"ಅಗಸಿ ಹುರಿಯಾಕತ್ತಾರ್ರಿ."

"ಈಗ ಇಟ್ಟಾಳೋ, ಚಟಪಟ ಅನ್ನೋ ಹೊತ್ತಿಗೆ ಬಂದೈತೋ?"

ನಾನು ಮೂಸಿದೆ. "ಎಣ್ಣಿ ಬಿಟ್ಟೈತ್ರಿ. ಒಂದೀಟ ಕಹಿ ಬರಾಕತ್ತೈತಿ."

"ಕಹಿ ಬಂತಂದ್ರ ಸೀದೀತು. ಉರಿ ಸಣ್ಣ ಮಾಡು ಅನ್ನು ಆಕಿಗೆ."

ನಾನು ಎದ್ದು ಒಳಗೆ ಹೋಗಿ ಹೇಳಿದೆ. ಕಾಕು, "ಅವರಿಗೆ ಹೆಂಗ ಗೊತ್ತಾತು?" ಎನ್ನುತ್ತ ಒಲೆಯ ಉರಿ ಇಳಿಸಿದರು.