ಸೊಪ್ಪಿನಕ್ಕನ ನೆರಿಗೆ

ಮೊನ್ನೆ ಕೋಲಾರದಿಂದ ಹುತ್ತೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಒಂದು ಗೋಣಿಮೂಟೆ ತಂದು ತುರುಕಿದರು. ಒದ್ದೆ ಗೋಣಿ, ಒಳಗೆ ಆಗಷ್ಟೇ ಕಿತ್ತ ಹಿಪ್ಪುನೇರಳೆ ಸೊಪ್ಪು. ಕಂಡಕ್ಟರನ ಒಡಕು ದನಿಯನ್ನು ಅಣಕಿಸಲು ಬಾಯಿ ತೆರೆದಿದ್ದ ನಾನು, ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹಾಗೇ ಮುಚ್ಚಿಕೊಂಡೆ. ಸೊಪ್ಪಿನಕ್ಕ ನೆನಪಾದಳು…

ನಮ್ಮ ಮನೆಯಿಂದ ಮೂರನೇ ಬಾಗಿಲು ಅವಳದು. ಒಂಟಿ ಹೆಂಗಸು. ತೋಟಗಳಲ್ಲಿ ಸೊಪ್ಪು ಕಿತ್ತು ರೇಷ್ಮೆ ಹುಳು ಸಾಕುವ ಮನೆಗಳಿಗೆ ಮುಟ್ಟಿಸುವುದು ಅವಳ ಕೂಲಿ. ಮೂಟೆಯನ್ನು ಬಲ ಹೆಗಲಿಗೆ ಹಾಕಿ, ಎಡಗೈಯಲ್ಲಿ ಸೀರೆಯ ನೆರಿಗೆ ಹಿಡಿದು, ತಲೆಯೆತ್ತಿ ನಡೆದು ಬರುತ್ತಿದ್ದಳು. ಆ ಠೀವಿ ನನ್ನ ಪಾಲಿಗೆ ಹಬ್ಬ. ಆಗ ನಾನು ಎಸೆಸೆಲ್ಸಿ ಮುಗಿಸಿ, ಬೇರೆ ಕೆಲಸ ಸಿಗದೆ, ಊರವರನ್ನು ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಪೂಜಾರಿಯ ಸೀನು, ಅಜ್ಜಿಯ ಗೊರಕೆ, ಹುಡುಗಿಯರ ಮುಂದೆ ತೊದಲುವ ನನ್ನದೇ ನಾಲಿಗೆ, ಯಾವುದನ್ನೂ ಬಿಟ್ಟವನಲ್ಲ. ಲುಂಗಿಯ ಮುಂಭಾಗವನ್ನು ಎಡಗೈಯಲ್ಲಿ ಹಿಡಿದು ಹೋಟೆಲಿನ ಮುಂದೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಬೆಂಚಿನಲ್ಲಿ ಕೂತವರು ಟೀ ಚೆಲ್ಲಿಕೊಂಡು ನಗುತ್ತಿದ್ದರು. ಒಮ್ಮೆ ಅವಳೇ ಕಂಡುಬಿಟ್ಟಳು.

"ಮಹಾರಾಣಿ ಮಾಡ್ಬಿಟ್ಯಲ್ಲೋ ನನ್ನ. ಅರಮನೆ ಯಾವಾಗ ಕಟ್ಸಿಕೊಡ್ತೀಯ?" ಎಂದು ಕೇಳಿ, ಅದೇ ನಡಿಗೆಯಲ್ಲಿ ಹೊರಟುಹೋದಳು.

ಆ ಮಹಾರಾಣಿಗೆ ಸರ್ಕಾರದಿಂದ ಅಂಗವಿಕಲರ ಪಿಂಚಣಿ ಬರುತ್ತದೆಂದು ತಿಳಿದದ್ದು ಅಂಚೆಯವನ ಬಾಯಿಂದ. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೋತಿತ್ತೆಂದು ಹಿರಿಯರು ಹೇಳುತ್ತಿದ್ದರು. ಆದರೆ ಅವಳು ಕುಂಟಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಹೋಟೆಲಿನ ಯಜಮಾನನಿಗೆ ಮೈಯೆಲ್ಲ ಉರಿದುಹೋಯಿತು. ಅವನ ತಾಯಿಗೂ ನಮ್ಮಜ್ಜಿಗೂ ವೃದ್ಧಾಪ್ಯ ವೇತನ ಕೊಡಲಾಗದೆಂದು ತಾಲ್ಲೂಕು ಕಚೇರಿಯವರು ಕೈಯಲ್ಲಾಡಿಸಿಬಿಟ್ಟಿದ್ದರು.

"ಏಂ ರಾ ಕೋತಿ," ಎಂದ ನನಗೆ. "ನಿಮ್ಮಜ್ಜಿ ಕಣ್ಣು ಕಾಣ್ದೆ ಗೋಡೆ ಸವರ್ಕೊಂಡು ಓಡಾಡ್ತದೆ, ಅದಕ್ಕಿಲ್ಲ. ಮೂಟೆ ಹೊತ್ಕೊಂಡು ಊರೆಲ್ಲ ಸುತ್ತೋಳಿಗೆ ಕುಂಟರ ಪಿಂಚಣಿ. ರೆವಿನ್ಯೂ ಇನ್ಸ್‌ಪೆಕ್ಟ್ರು ಬರ್ತಾರಂತೆ, ಪಿಂಚಣಿಯೋರ್ನೆಲ್ಲ ಚಾವಡಿಗೆ ಕರ್ಸಿ ನೋಡ್ತಾರಂತೆ. ನೀನೇ ಹೇಳ್ಬೇಕು. ಅವಳೆಂಗೆ ನಡೀತಾಳೆ ಅಂತ ಆಡಿ ತೋರ್ಸು. ನಿನ್ನಷ್ಟು ಚೆನ್ನಾಗಿ ಇನ್ಯಾರ್ಗೆ ಬರ್ತದೆ?"

ಅಜ್ಜಿಯ ಮಾತೆತ್ತಿದ್ದರಿಂದ ನನಗೂ ಉರಿಯಿತು. ಕೊನೆಯ ಮಾತಿಗೆ ಎದೆಯೂ ಸ್ವಲ್ಪ ಉಬ್ಬಿತೆನ್ನಿ. ಹೇಳಿಯೇಬಿಡೋಣ ಎಂದುಕೊಂಡೆ. ಆದರೆ ಸರ್ಕಾರದ ಎದುರು ಆಡುವುದೆಂದರೆ ತಾಲೀಮು ಬೇಡವೇ? ಮರುದಿನ ಅವಳು ಕೆರೆ ಏರಿಯ ಮೇಲೆ ಬರುವಾಗ ನಾನು ಕೆಳಗಿನ ಕಾಲುದಾರಿಯಲ್ಲಿ ಅವಳಿಗೆ ಸಮಸಮನಾಗಿ ನಡೆದೆ. ಹೆಜ್ಜೆಗೆ ಹೆಜ್ಜೆ ಕಲಿಯುವ ಆಸೆ.

ಆಗ ಕಂಡಿತು. ಆ ಕೈ ನೆರಿಗೆಯನ್ನು ಹಿಡಿದಿರಲೇ ಇಲ್ಲ. ನೆರಿಗೆಯ ಮರೆಯಲ್ಲಿ ತೊಡೆಯನ್ನು ಒತ್ತುತ್ತಿತ್ತು. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಅಂಗೈ ತೊಡೆಯನ್ನು ಹಿಂದಕ್ಕೆ ತಳ್ಳಿ, ಮಂಡಿ ಮಡಚಿಕೊಳ್ಳದಂತೆ ಕಾಯುತ್ತಿತ್ತು. ನಾನೂ ಕಾಲನ್ನು ಸಡಿಲ ಬಿಟ್ಟು ಹಾಗೇ ನಡೆದು ನೋಡಿದೆ. ನಡಿಗೆ ಬಂತು. ಕೈ ತೆಗೆದೆ. ಮುಖ ಅಡಿಯಾಗಿ ಲಂಟಾನದ ಪೊದೆಯಲ್ಲಿದ್ದೆ.

ಮುಳ್ಳು ಕೀಳುತ್ತ ಕೂತಾಗ ಒಂದೊಂದೇ ನೆನಪಾಯಿತು. ಅವಳು ಎಂದೂ ಎರಡು ಕೊಡ ಹೊತ್ತವಳಲ್ಲ. ಹೆಗಲ ಮೇಲೆ ಮೂಟೆ ಇದ್ದಾಗ ಯಾರಾದರೂ ಇನ್ನೊಂದು ಗಂಟು ಕೊಟ್ಟರೆ, ಆಮೇಲೆ ಬಂದು ಒಯ್ಯುತ್ತೇನೆ ಎನ್ನುತ್ತಿದ್ದಳು. ನಾವು ಅದನ್ನೂ ಜಂಬ ಅಂದಿದ್ದೆವು…

ಹೋಟೆಲಿಗೆ ಹೋಗಿ, ಕಾಲು ಸೋತಿರುವುದು ನಿಜ, ನಾನು ಹೇಳುವುದಿಲ್ಲ ಎಂದೆ. ಯಜಮಾನ ಟೀ ಎತ್ತಿ ಹೊಯ್ಯುತ್ತಲೇ, "ಎಷ್ಟು ಕೊಟ್ಳೋ?" ಎಂದ. ಇನ್ಸ್‌ಪೆಕ್ಟರು ಬಂದ ದಿನ ದೂರನ್ನು ತಾನೇ ಹೇಳಿದ.

ಚಾವಡಿಯಲ್ಲಿ ಊರೇ ನೆರೆದಿತ್ತು. ಅವಳ ಕಾಲಿನ ಬಗ್ಗೆ ಡಾಕ್ಟರು ಬರೆದುಕೊಟ್ಟಿದ್ದ ಕಾಗದವನ್ನು ಇನ್ಸ್‌ಪೆಕ್ಟರು ಓದಲಿಲ್ಲ, ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ನಡೆಯಲು ಹೇಳಿದರು. ಸೊಪ್ಪಿನಕ್ಕ ಎಂದಿನಂತೆ ತಲೆಯೆತ್ತಿ ನಡೆದಳು.

"ನನಗಿಂತ ಚೆನ್ನಾಗಿ ನಡೀತೀಯಲ್ಲಮ್ಮ," ಎಂದರು.

ತಡೆಯಲಾಗಲಿಲ್ಲ. ಎದ್ದು ನಿಂತು, ಆ ಕೈಯ ಕೆಲಸ ಏನೆಂದು ಹೇಳಿದೆ. ನಡೆದೂ ತೋರಿಸಿದೆ. ಆಮೇಲೆ ಎರಡೂ ಕೈ ಮೇಲೆತ್ತಿ ಒಂದು ಹೆಜ್ಜೆ ಇಟ್ಟು ಧೊಪ್ಪೆಂದು ಬಿದ್ದೆ. ಚಾವಡಿ ಬಿದ್ದು ಬಿದ್ದು ನಕ್ಕಿತು. ಇನ್ಸ್‌ಪೆಕ್ಟರು ಕಣ್ಣೊರೆಸಿಕೊಂಡು, "ಸರಿ. ಆಯಮ್ಮನೂ ಹಿಂಗೇ ಕೈಯೆತ್ತಿ ನಡೀಲಿ. ಬಿದ್ರೆ ಪಿಂಚಣಿ," ಎಂದರು.

ಜನ ಚೆನ್ನಾಗಿ ಕಾಣಲೆಂದು ಮುಂದಕ್ಕೆ ಸರಿದರು.

ಅವಳು ನನ್ನ ಕಡೆ ತಿರುಗಿದಳು. "ಚೆನ್ನಾಗಿ ಬಿದ್ದೆ ಕಣೋ. ಆದ್ರೆ ನಾನು ಮುಂದಕ್ಕೆ ಬೀಳಲ್ಲ, ಪಕ್ಕಕ್ಕೆ ಬೀಳ್ತೀನಿ." ಆಮೇಲೆ ಇನ್ಸ್‌ಪೆಕ್ಟರಿಗೆ ಹೇಳಿದಳು: "ನಾನು ಬೀಳೋದನ್ನ ನಮ್ಮಮ್ಮ ಒಬ್ಳೇ ನೋಡಿರೋದು ಸ್ವಾಮಿ. ನೀವು ನೋಡೋದು ಬೇಡ."

ಚಾವಡಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದಳು. ಎಡಗೈ ನೆರಿಗೆಯ ಮೇಲೇ ಇತ್ತು.

"ನೋಡಿದ್ರಾ, ಸಿಕ್ಕಾಕೊಂಡ್ಲು, ಎದ್ದು ಹೋದ್ಲು," ಎಂದ ಹೋಟೆಲಿನವನು. ಪಿಂಚಣಿ ನಿಂತಿತು. ಅದೇನು ಅವನ ತಾಯಿಗೆ ಬಂತೇ, ನಮ್ಮಜ್ಜಿಗೆ ಬಂತೇ? ಕಾಲೆಳೆದುಕೊಂಡು, ನರಳಿಕೊಂಡು ಹೋಗಿದ್ದರೆ ಅದೇ ಇನ್ಸ್‌ಪೆಕ್ಟರು ಅಯ್ಯೋ ಪಾಪ ಎಂದು ರುಜು ಹಾಕುತ್ತಿದ್ದರು. ನಡೆಯುವುದನ್ನು ಕಲಿತದ್ದೇ ಅವಳ ಅಪರಾಧ. ಬಡವರು ಬಡವರಂತೆ ಕಾಣಬೇಕು, ಕುಂಟರು ಕುಂಟಿ ತೋರಿಸಬೇಕು, ಇವರಿಗೆ ಅದೊಂದು ಬಯಲಾಟ. ನಾನು ಬಿದ್ದರೆ ಪುಕ್ಕಟೆ ನಗುತ್ತಾರೆ, ಅವಳು ಬಿದ್ದರೆ ದುಡ್ಡು ಕೊಡುತ್ತಾರಂತೆ. ಈಗಲೂ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಪಿಂಚಣಿ ಇದ್ದಷ್ಟು ದಿನ ಮಳೆಗಾಲದಲ್ಲಿ ಅವಳು ತೋಟಕ್ಕೆ ಇಳಿಯುತ್ತಿರಲಿಲ್ಲ. ಜಾರುವ ಕೆಸರಿಗೆ ಅವಳ ಒಂದು ಕೈ ಸಾಲದು. ಆ ವರ್ಷ ಇಳಿಯಲೇಬೇಕಾಯಿತು. ಬದುವಿನ ಮೇಲೆ ಬರುವಾಗ ಹೆಗಲ ಮೂಟೆ ಜಾರಿತಂತೆ, ಎರಡೂ ಕೈ ಹಾಕಿ ಹಿಡಿದಳಂತೆ… ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ ತಂಗಿ ಬಂದು ಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ಮತ್ತೆ ಏಳಲಿಲ್ಲ. ಸತ್ತ ಸುದ್ದಿ ಊರಿಗೆ ಬಂದಾಗಲೂ ಹೋಟೆಲಿನ ಬೆಂಚಿನಲ್ಲಿ ಒಬ್ಬ, "ಸರ್ಕಾರಕ್ಕೇ ಟೋಪಿ ಹಾಕಿದ್ಲಲ್ಲ, ಅವಳಾ?" ಎಂದು ಕೇಳಿದ. ಇಂದಿಗೂ ಹಾಗೇ ಕೇಳುತ್ತಾರೆ. ನಾನು ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ಅವಳಿಗೆ ಅದರಿಂದ ಆಗಬೇಕಾದ್ದೇನೂ ಉಳಿದಿಲ್ಲ.

ಬಸ್ಸು ಕೆರೆಯ ತಿರುವಿನಲ್ಲಿ ವಾಲಿತು. ಕಾಲ ಬಳಿಯ ಮೂಟೆ ಬಾಗಿಲಿನ ಕಡೆಗೆ ಜಾರಿತು. ನಾನು ಎರಡೂ ಕೈ ಹಾಕಿ ಹಿಡಿದುಕೊಂಡೆ.